ಬಿರಿಯಲೇಬೇಕಾದ ಬ್ರೆಡ್ಡು

ಬಿರುಕು ಬಿಟ್ಟ ರೊಟ್ಟಿಯನ್ನು ಆ ಊರಿನಲ್ಲಿ ಯಾರೂ ಇನ್ನೊಬ್ಬರ ತಾಟಿಗೆ ಹಾಕುತ್ತಿರಲಿಲ್ಲ. ಅಂಚು ಸೀಳಿದ ರೊಟ್ಟಿ ಬುಟ್ಟಿಯ ತಳಕ್ಕೆ ಹೋಗುತ್ತಿತ್ತು. ಅದನ್ನು ಬಡಿದವಳೇ ಎಲ್ಲರ ಊಟವಾದ ಮೇಲೆ ಕುಳಿತು ತಿನ್ನಬೇಕು. ಹೊಸ ಸೊಸೆಯ ರೊಟ್ಟಿ ಬಿರಿದರೆ ಮಾತು ಅವಳ ತವರಿಗೆ ಹೋಗುತ್ತಿತ್ತು. ಅಂಥ ಊರಿಗೆ ನಾನು ಹೋಗಿ, ಮೈಯೆಲ್ಲ ಬಿರುಕು ಬಿಟ್ಟ ಬ್ರೆಡ್ಡೇ ಚಂದದ ಬ್ರೆಡ್ಡು ಎಂದು ಕಲಿಸಹೊರಟೆ. ಜಗಳ ಅಲ್ಲಿಂದಲೇ ಶುರುವಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗಲೇ ಹಾಗೆ ಅನ್ನಿಸಿತ್ತೇ ಎಂದು ಕೇಳಿದರೆ ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಚಟ ನನಗಿದೆ. ಆದರೆ ಆ ಬೇಸಿಗೆಯ ಪುಟಗಳನ್ನು ಸಿಟ್ಟಿನಲ್ಲಿ ಬರೆದಿದ್ದೇನೆ. ಸಿಟ್ಟು ನೆನಪಿಗಿಂತ ಹೆಚ್ಚು ನಂಬಿಕೆಗೆ ಅರ್ಹವಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಗೃಹವಿಜ್ಞಾನ ಓದಿ ಮುಗಿಸಿದ್ದ ನನ್ನನ್ನು ತಾತ್ಕಾಲಿಕ ಶಿಕ್ಷಕಿಯೆಂದು ನವಲಗುಂದ ತಾಲೂಕಿನ ಒಂದು ಹಳ್ಳಿಗೆ ಕಳಿಸಿದರು. ಊರಿನ ಹೆಸರು ಬರೆಯುವುದಿಲ್ಲ. ಯಮನೂರಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತಿತ್ತು ಎಂದರೆ ಸಾಕು. ಮಹಿಳಾ ಮಂಡಳದ ಹೆಂಗಸರಿಗೆ ಮನೆಯಲ್ಲೇ ಬ್ರೆಡ್ಡು ಮಾಡುವುದನ್ನು ಕಲಿಸಬೇಕು. ಕಲಿಕೆ ಮುಗಿದ ಮೇಲೆ ಅವರಲ್ಲಿ ಒಬ್ಬಳನ್ನು ಊರ ಬಾಲವಾಡಿಯ ಮಕ್ಕಳಿಗೆ ಬ್ರೆಡ್ಡು ಸುಡುವ ಭಟ್ಟಿಗೆ ಕಾಯಂ ಆಗಿ ತೆಗೆದುಕೊಳ್ಳುವುದಿತ್ತು. ಷರತ್ತು ಒಂದೇ: ಮುಕ್ತಾಯದ ದಿನ, ಬ್ಲಾಕ್ ಆಫೀಸಿನ ಅಧಿಕಾರಿಯ ಎದುರಿಗೆ, ಮಂಡಳದ ಹೆಂಗಸರು ಆಕೆ ಮಾಡಿದ್ದನ್ನು ತಿನ್ನಬೇಕು. ದೊಡ್ಡವರೇ ಬಾಯಿಗಿಡದ್ದನ್ನು ಮಕ್ಕಳಿಗೆ ಹೇಗೆ ತಿನ್ನಿಸುವುದು ಎಂಬುದು ಅಧಿಕಾರಿಯ ವಾದ. ವಾದ ಸರಿಯಾಗಿಯೇ ಇತ್ತು.

ಮಂಡಳದ ಅಧ್ಯಕ್ಷೆ ಊರ ಗೌಡರ ಮನೆಯವರು. ಎಲ್ಲರೂ ಗೌಡಶಾನಿ ಎನ್ನುತ್ತಿದ್ದರು. ಅವರ ವಾಡೆಯ ಹಿಂದಿನ ಖೋಲಿಯಲ್ಲೇ ನನ್ನ ವಾಸ. ಬಾಲವಾಡಿಯ ಕೆಲಸ ತಮ್ಮ ತಂಗಿಯ ಮಗಳಿಗೆ ಎಂದು ಅವರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ನನಗೂ ಅದರಲ್ಲಿ ತಕರಾರಿರಲಿಲ್ಲ. ಆ ಹುಡುಗಿ ಮಾತು ಕಡಿಮೆ, ಕೈ ಚುರುಕು.

ಮೊದಲ ದಿನ ತೋರಿಸಲೆಂದು ಹುಬ್ಬಳ್ಳಿಯಿಂದ ಒಂದು ಬ್ರೆಡ್ಡು ಒಯ್ದಿದ್ದೆ. ಚೀಲದಿಂದ ತೆಗೆದ ಕೂಡಲೇ ಒಬ್ಬಾಕೆ ಕೇಳಿದಳು:

“ಯಾರಿಗೆ ಆರಾಮ ಇಲ್ರಿ ಅಕ್ಕಾರ?”

“ಎಲ್ಲಾರೂ ಆರಾಮ ಅದಾರ.”

“ಮತ್ತ ಬ್ರೆಡ್ ಯಾಕ ತಂದೀರಿ?”

ಜ್ವರ ಬಂದವರಿಗೆ ಚಹಾದಲ್ಲಿ ಅದ್ದಿ ಕೊಡುವುದು ಬ್ರೆಡ್ಡು. ಮೈ ನೆಟ್ಟಗಿರುವವರು ಅದನ್ನು ಮನೆಯಲ್ಲಿ ಮಾಡಿಕೊಂಡು ತಿನ್ನುವುದೆಂದರೆ ಬೇಡಿ ಬೇಡಿ ಬೇನೆ ತಂದುಕೊಂಡಂತೆ. ಯೀಸ್ಟಿನ ಡಬ್ಬಿ ಬಿಚ್ಚಿದಾಗ ಗೌಡಶಾನಿ ಮೂಗಿಗೆ ಸೆರಗು ಹಿಡಿದರು. “ಸೆರೆ ಕುಡಿಯೂ ಅಂಗಡಿ ವಾಸನಿ ಬಂದಂಗಾತು. ಇದನ್ನ ನಮ್ಮ ಮಕ್ಕಳಿಗೆ ತಿನ್ನಸ್ತೀರ್ಯಾ?” ಹುಳಿ ಬಂದ ಅಂಬಲಿಯಲ್ಲಿ ಆಗುವುದೇ ಇದರಲ್ಲೂ ಆಗುತ್ತದೆ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ.

ಮೊದಲ ಭಟ್ಟಿಯನ್ನು ಮಂಡಳದ ಹಿತ್ತಲಲ್ಲಿ ಎರೆಮಣ್ಣಿನಿಂದ ಕಟ್ಟಿಸಿದೆ. ಜಿಗುಟು ಮಣ್ಣು, ಒಳ್ಳೆಯ ಗುಮ್ಮಟ ಕೂರುತ್ತದೆ ಎಂಬುದು ನನ್ನ ಲೆಕ್ಕ. ಕೂತದ್ದೇನೋ ನಿಜ. ಒಣಗುತ್ತ ಬಂದಂತೆ, ಬೇಸಿಗೆಯ ಎರೆಹೊಲ ಒಡೆಯುವ ಹಾಗೆಯೇ, ಬೆರಳು ತೂರುವಷ್ಟು ಅಗಲ ಒಡೆಯಿತು. ಬೆಂಕಿ ಹಾಕಿದರೆ ಹೊಗೆ ಬಾಯಿಯೊಂದನ್ನು ಬಿಟ್ಟು ಎಲ್ಲ ಕಡೆಯಿಂದ ಬಂತು. ಹೆಂಗಸರು ನಕ್ಕು ನಕ್ಕು ಸುಸ್ತಾದರು. ಅದನ್ನು ಕೆಡವಿ, ಬಿದ್ದ ಹಳೆಯ ಗೋಡೆಗಳ ಹಾಳುಮಣ್ಣು ತರಿಸಿ, ಹೊಟ್ಟು, ಸೆಗಣಿ ಕಲಸಿ ಮತ್ತೊಂದು ಕಟ್ಟಿದೆವು. ಅದು ನಿಂತಿತು. ಹತ್ತಿಕಟ್ಟಿಗೆ ಭುಗಿಲೆದ್ದು ಬೇಗ ಆರುತ್ತದೆ, ಕುಳ್ಳು, ಅಂದರೆ ಸೆಗಣಿಯ ಬೆರಣಿ, ನಿಧಾನಕ್ಕೆ ಕಾಯಿಸುತ್ತದೆ; ಎರಡನ್ನೂ ಒಳಗೇ ಉರಿಸಿ, ಕೆಂಡ ಹೊರಗೆಳೆದು, ಒದ್ದೆ ಅರಿವೆಯಿಂದ ತಳ ಒರೆಸಿ, ಬ್ರೆಡ್ಡು ಇಟ್ಟು ಬಾಯಿಗೆ ತಗಡು ಮುಚ್ಚುವುದು. ಕಾವು ನೋಡಲು ಒಂದು ಚಿಟಿಕೆ ಜೋಳದ ಹಿಟ್ಟನ್ನು ಒಳಗೆ ಎಸೆಯುತ್ತಿದ್ದೆ. ಹಿಟ್ಟು ಕೂಡಲೇ ಕಪ್ಪಾದರೆ ಕಾಯಬೇಕು. ಮೆಲ್ಲಗೆ ಕೆಂಪಾದರೆ ಸರಿ.

ಬ್ರೆಡ್ಡು ಉಬ್ಬಿತು, ಬೆಂದಿತು. ಅಧಿಕಾರಿ ಜೀಪಿನಲ್ಲಿ ಬಂದವರು ಒಂದನ್ನು ಕೈಯಲ್ಲಿ ತಿರುವಿ ನೋಡಿ, “ಇಂಥಾವು ಹುಬ್ಬಳ್ಳ್ಯಾಗ ಸಿಗ್ತಾವಲ್ರಿ ಮೇಡಮ್ಮರ. ನೀವು ಇಲ್ಲಿಗೆ ಬಂದು ಮಾಡಿದ್ದೇನು?” ಎಂದರು. ಅವರು ಹೋದ ಮೇಲೆ ನನಗೆ ಕಾಲೇಜಿನ ಒಂದು ಪ್ರಾತ್ಯಕ್ಷಿಕೆ ನೆನಪಾಯಿತು. ಕಣಕದ ಮೇಲೆ ಅಕ್ಕಿಹಿಟ್ಟಿನ ಲೇಪ ಹಚ್ಚಿ ಸುಡುವುದು. ಒಳಗಿನ ಗೋಧಿಯ ಕಣಕಕ್ಕೆ ಹಿಗ್ಗುವ ಗುಣವಿದೆ, ಅಕ್ಕಿಗೆ ಇಲ್ಲ. ಭಟ್ಟಿಯ ಕಾವಿಗೆ ಕಣಕ ಉಬ್ಬಿದಾಗ ಮೇಲಿನ ಲೇಪ ಹಿಗ್ಗಲಾರದೆ ಬಿರಿಯುತ್ತದೆ. ಬಿರುಕಿನ ನಡುವೆ ಹೊನ್ನಬಣ್ಣ, ಮೇಲೆ ಕಂದು ಚಕ್ಕೆಗಳು. ಹುಲಿಯ ಮೈಯಂತೆ ಕಾಣುತ್ತದೆ ಎಂದು ನಮ್ಮ ಶಿಕ್ಷಕಿ ಹೇಳಿದ್ದರು. ಅಕ್ಕಿ ಇಲ್ಲಿಯ ಬೆಳೆಯಲ್ಲ. ಜೋಳಕ್ಕೂ ಹಿಗ್ಗುವ ಗುಣವಿಲ್ಲವಲ್ಲ, ಜೋಳದ ಹಿಟ್ಟಿನಲ್ಲೇ ಮಾಡೋಣ ಎಂದುಕೊಂಡೆ. ಇವರ ಜೋಳ, ಇವರ ಬ್ರೆಡ್ಡು.

ಜೋಳದ ಹಿಟ್ಟು, ಒಂದಿಷ್ಟು ಯೀಸ್ಟು, ಬೆಲ್ಲ, ಉಪ್ಪು, ಎಣ್ಣೆ. ಬೆಚ್ಚಗಿನ ನೀರಿನಲ್ಲಿ ಬಜಿ ಹಿಟ್ಟಿನಷ್ಟು ಗಟ್ಟಿ ಕಲಸಿ ಎಂದೆ. ಎಲ್ಲರೂ ಕಲಸಿದರು, ಹಚ್ಚಿದರು, ಸುಟ್ಟರು. ಒಂದೂ ಬಿರಿಯಲಿಲ್ಲ. ಲೇಪ ಚರ್ಮದಂತೆ ಎಳೆದುಕೊಂಡು ಕೂತಿತ್ತು, ಕೆಲವು ಕಡೆ ಹಪ್ಪಳದ ಹಾಗೆ ಎದ್ದು ಬಂದಿತ್ತು. ಮರುದಿನವೂ ಹಾಗೇ. ಹಿಟ್ಟು ಬದಲಿಸಿದೆ, ಕಾವು ಹೆಚ್ಚಿಸಿದೆ, ಎಣ್ಣೆ ಕಡಿಮೆ ಮಾಡಿದೆ. ಕೊನೆಗೆ ಗೌಡಶಾನಿಯ ಬೆನ್ನ ಹಿಂದೆ ನಿಂತು ಅವರ ಕೈ ನೋಡಿದೆ. ಒಲೆಯ ಮೇಲೆ ಎಸರು ಮರಳುತ್ತಿತ್ತು. ಅದನ್ನೇ ಅವರು ಹಿಟ್ಟಿಗೆ ಹೊಯ್ದು ತಿರುವುತ್ತಿದ್ದರು.

“ಬೆಚ್ಚಗಿನ ನೀರು ಅಂದಿದ್ದೆ. ಇದು ಕುದಿಯೋ ನೀರು.”

“ಎಸರಿಲ್ದ ಜ್ವಾಳದ ಹಿಟ್ಟಿಗೆ ಜಿಗಿ ಎಲ್ಲಿಂದ ಬರತೈತ್ರಿ? ಬಿರೀತೈತಿ ಅದು.”

“ಬಿರೀಲಿ ಅಂತನs ನಾ ಹೇಳಾಕ ಹತ್ತೀನಿ.”

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಅವರ ರೊಟ್ಟಿಯನ್ನು ನಾನು ದಿನವೂ ತಿಂದಿದ್ದೆ. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳು, ಅಂಚು ದಾರ ಹಿಡಿದು ಕತ್ತರಿಸಿದಂತೆ ದುಂಡು. ಬಿರುಕು ಬಾರದಂತೆ ಬಡಿಯುವುದೇ ಆ ಕೈ ಜನ್ಮವಿಡೀ ಕಲಿತದ್ದು. ಹಚ್ಚಿದ ಲೇಪದಲ್ಲಿ ಒಂದು ಸಣ್ಣ ಗೆರೆ ಕಂಡರೂ ಅವರ ಬೆರಳು ತಾನಾಗಿ ನೀರಿನಲ್ಲಿ ಅದ್ದಿ ಅದನ್ನು ಸವರಿಬಿಡುತ್ತಿತ್ತು. ಬಿಟ್ಟುಬಿಡಿ ಎಂದರೆ ಬೆರಳಿಗೆ ಕೇಳಿಸುತ್ತಿರಲಿಲ್ಲ. ಉಳಿದವರದೂ ಅದೇ ಕಥೆ.

ಬಿರಿದದ್ದು ಒಬ್ಬಳದೇ.

ಆಕೆ ತಂಡಕ್ಕೆ ಬಂದದ್ದು ಎಲ್ಲರಿಗಿಂತ ತಡವಾಗಿ. ಊರಾಚೆಯ ಕೇರಿಯವಳು. ಆ ಕಾಲದಲ್ಲಿ ಎಲ್ಲರೂ ಹರಿಜನ ಕೇರಿ ಎನ್ನುತ್ತಿದ್ದರು. ಆಕೆ ‘ನಮ್ಮ ಓಣಿ’ ಎನ್ನುತ್ತಿದ್ದಳು. ಇಡೀ ತಂಡದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ಅವಳೊಬ್ಬಳೇ. ಬಾಲವಾಡಿಯ ಕೆಲಸ ಬೇಕು ಎಂದು ಬಾಗಿಲಲ್ಲಿ ನಿಂತು ನೇರವಾಗಿ ಹೇಳಿದಳು. ಹೆಂಗಸರು ಅವಳಿಗೆ ‘ಮ್ಯಾಟ್ರಿಕ್’ ಎಂದು ಹೆಸರಿಟ್ಟರು. ಗೌರವಕ್ಕಲ್ಲ. “ಏ ಮ್ಯಾಟ್ರಿಕ್, ಕಟಿಗಿ ತಾರ. ಏ ಮ್ಯಾಟ್ರಿಕ್, ಬೂದಿ ಬಳಿ.” ಹಿಟ್ಟು ಮುಟ್ಟುವ ಕೆಲಸ ಬಂದಾಗ ಎಲ್ಲರ ಮಾತೂ ನಿಂತುಹೋಗುತ್ತಿತ್ತು. ನಾನೇ ಹಿಟ್ಟು ಅಳೆದು ಅವಳ ಮುಂದಿಟ್ಟೆ. ಅಂದಿನಿಂದ ಉಳಿದವರು ತಮ್ಮ ಕೊಣಮಿಗೆಗಳನ್ನು, ಅಂದರೆ ಹಿಟ್ಟು ನಾದುವ ಮರದ ಪಾತ್ರೆಗಳನ್ನು, ಮನೆಯಿಂದಲೇ ತಂದು ಮನೆಗೇ ಒಯ್ಯತೊಡಗಿದರು.

ಮ್ಯಾಟ್ರಿಕ್‌ಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಇದು ಊರಿಗೇ ಗೊತ್ತಿದ್ದ ಮಾತು. ಅವಳ ಅತ್ತೆಯೇ ತಮ್ಮ ಓಣಿಯ ಬಾವಿಕಟ್ಟೆಯಲ್ಲಿ ಸಾರಿದ್ದಳು. ಎಸರಿನ ಹದ ಅವಳಿಗೆ ತಿಳಿಯದು. ನಾನು ಬೆಚ್ಚಗಿನ ನೀರು ಎಂದದ್ದಕ್ಕೆ ಅವಳು ಬೆಚ್ಚಗಿನ ನೀರನ್ನೇ ಹಾಕಿದ್ದಳು. ಭಟ್ಟಿಯ ತಗಡು ತೆಗೆದಾಗ ಅವಳ ಬ್ರೆಡ್ಡಿನ ಮೈ ಪೂರ್ತಿ ಬಲೆ ಬಲೆಯಾಗಿ ಒಡೆದಿತ್ತು. ದೊಡ್ಡ ಚಕ್ಕೆ, ಸಣ್ಣ ಚಕ್ಕೆ, ನಡುವೆ ಹೊಳೆಯುವ ಸಂದುಗಳು. ನಾನು ಕೂಗಿಯೇಬಿಟ್ಟೆ: “ನೋಡ್ರಿ, ಹಿಂಗ ಬರಬೇಕು!”

ಯಾರೂ ಹತ್ತಿರ ಬರಲಿಲ್ಲ. ಗೌಡಶಾನಿ ದೂರದಿಂದಲೇ ಬಗ್ಗಿ ನೋಡಿ ಹೇಳಿದರು: “ಗಜಕರ್ಣ ಹತ್ತಿದಂಗ ಆಗೇತಿ.”

ಎಲ್ಲರೂ ನಕ್ಕರು. ಚರ್ಮದ ಬೇನೆಯ ಆ ಹೆಸರು ಬ್ರೆಡ್ಡಿಗೂ ಅಂಟಿತು, ಮಾಡಿದವಳಿಗೂ ಅಂಟಿತು. ಒಬ್ಬ ಸೊಸೆ ಮಾತ್ರ ನಗಲಿಲ್ಲ, ತನ್ನಷ್ಟಕ್ಕೆ ಎಂಬಂತೆ ಅಂದಳು: “ನನ್ನ ರೊಟ್ಟಿ ಹಿಂಗ ಬಿರಿದಾಗ ನಮ್ಮತ್ತಿ ಮುಖಕ್ಕ ಒಗದಿದ್ರು.” ಅವಳ ದನಿಯಲ್ಲಿ ಮ್ಯಾಟ್ರಿಕ್ ಬಗ್ಗೆ ಕನಿಕರವಿತ್ತೇ, ಇಲ್ಲ ಹೊಟ್ಟೆಕಿಚ್ಚೇ? ತಾವು ಪೆಟ್ಟು ತಿಂದದ್ದಕ್ಕೇ ಇನ್ನೊಬ್ಬಳು ಶಾಭಾಸ್ ಅನ್ನಿಸಿಕೊಂಡರೆ ಯಾರಿಗಾದರೂ ಉರಿಯುತ್ತದೆ. ಆ ಕೋಣೆಯ ಉರಿಯೆಲ್ಲ ಜಾತಿಯದೇ ಆಗಿತ್ತು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಈಗ ಅಷ್ಟು ಸಲೀಸಾಗಿ ಬರೆಯಲಾರೆ.

ಒಂದೆರಡು ದಿನದಲ್ಲಿ ಗೌಡಶಾನಿ ಖೋಲಿಯ ಬಾಗಿಲಿಗೆ ಬಂದರು. ಚಹಾ ಅವರೇ ತಂದಿದ್ದರು.

“ಅಕ್ಕಾರ, ಆಕಿ ಕಲೀಲಿ. ಬ್ಯಾಡ ಅನ್ನಂಗಿಲ್ಲ ನಾವು. ಸರಕಾರದ ಕೆಲಸ. ಆದ್ರ ಒಂದೇ ಭಟ್ಟ್ಯಾಗ ಎಲ್ಲಾರವೂ ಕೂಡೇ ಹೋಗ್ತಾವು, ಹೊರಗ ಬಂದಮ್ಯಾಗ ಯಾವುದು ಯಾರದು ತಿಳೀಬೇಕಲ್ಲ? ಆಕಿ ಬ್ರೆಡ್ಡಿಗೆ ಆ ಲೇಪ ಬ್ಯಾಡ. ಬೋಳ ಇರ್ಲಿ. ಗುರ್ತ ಸಿಗತೈತಿ.”

“ಗುರ್ತ ಈಗೂ ಸಿಗತೈತಲ್ರಿ. ಬಿರಿದದ್ದು ಆಕಿದು.”

“ಅದಕ್ಕ ಹೇಳಾಕ ಹತ್ತಿದ್ದು. ಚಂದ ಐತಿ ಅಂತ ನೀವು ಅದನ್ನ ಸಾಹೇಬರ ಮುಂದ ಇಡ್ತೀರಿ. ನಮ್ಮಾವು ಬೋಳ ಕಾಣ್ತಾವು.”

“ಲೇಪ ಎಲ್ಲಾರದಕ್ಕೂ ಹಚ್ಚತೀವ್ರಿ. ಆಕಿದಕ್ಕೂ.”

ಅವರು ನಾನು ಕುಡಿದಿಟ್ಟ ಕಪ್ಪನ್ನು ಎತ್ತಿಕೊಂಡರು. ಮರುದಿನದಿಂದ ಚಹಾ ಬರಲಿಲ್ಲ. ವಾಡೆಯ ಕೊಡದಿಂದ ನನ್ನ ಖೋಲಿಗೆ ಬರುತ್ತಿದ್ದ ನೀರೂ ನಿಂತಿತು. ಬಾವಿಗೆ ನಾನೇ ಹೋಗತೊಡಗಿದೆ. ಅಲ್ಲಿ ನನ್ನನ್ನು ಕಂಡೊಡನೆ ಮಾತು ನಿಲ್ಲುತ್ತಿತ್ತು. ನಾನು ಬೆನ್ನು ತಿರುಗಿಸಿದರೆ ಮತ್ತೆ ಶುರುವಾಗುತ್ತಿತ್ತು.

ಮ್ಯಾಟ್ರಿಕ್ ನನ್ನ ಪಕ್ಷದವಳು ಎಂದು ನಾನು ಭಾವಿಸಿದ್ದೆ. ಬೂದಿ ಬಳಿಯುತ್ತಿದ್ದವಳ ಹತ್ತಿರ ಹೋಗಿ, ಗೌಡಶಾನಿಗೆ ನಾನು ಕೊಟ್ಟ ಉತ್ತರವನ್ನು ಹೇಳಿದೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿರಬೇಕು. ಆಕೆ ತಲೆ ಎತ್ತಲಿಲ್ಲ.

“ನನ್ನ ಸಲುವಾಗಿ ಜಗಳಾ ಆಡಬ್ಯಾಡ್ರಿ ಅಕ್ಕಾರ. ನೀವು ಬಸ್ ಹತ್ತಿ ಹೋಗ್ತೀರಿ. ನೀವು ಆಡಿದ್ದು ನಮ್ಮ ಓಣೀಗೆ ಬರತೈತಿ.”

“ಮತ್ತ ಏನ ಮಾಡಬೇಕಂತೀ?”

“ಕಲಿಸ್ರಿ. ಕಲಿಸಾಕ ಬಂದೀರಲ್ಲ, ಕಲಿಸ್ರಿ.”

ಕಲಿಸಿದೆ. ಕಣಕವನ್ನು ಬೆರಳಲ್ಲಿ ಎಳೆದರೆ ಹರಿಯದೆ ಪೊರೆಯಾಗುವವರೆಗೆ ನಾದುವುದು. ಆ ಬಿಸಿಲಿನಲ್ಲಿ ಬೇಗ ಉಬ್ಬಿ ಹುಳಿಯಾಗುತ್ತದೆ, ಆದ್ದರಿಂದ ಒದ್ದೆ ಅರಿವೆ ಮುಚ್ಚಿ ನೆರಳಲ್ಲಿ ಇಡುವುದು. ಲೇಪ ತೆಳುವಾದರೆ ಹರಿದು ಹೋಗುತ್ತದೆ, ದಪ್ಪವಾದರೆ ಗಡ್ಡೆಯಾಗಿ ಉದುರುತ್ತದೆ. ಹಚ್ಚಿದ ಮೇಲೆ ಕಣಕ ಇನ್ನೊಂದಿಷ್ಟು ಉಬ್ಬುವವರೆಗೆ ಕಾದು ಆಮೇಲೆ ಭಟ್ಟಿಗೆ. ಆಕೆ ತಪ್ಪು ಮಾಡುತ್ತಿದ್ದಳು, ನಾನು ಬಯ್ಯುತ್ತಿದ್ದೆ, ಆಕೆ ಮುಖ ಗಂಟಿಕ್ಕಿಕೊಂಡು ಮತ್ತೆ ಮಾಡುತ್ತಿದ್ದಳು. ನಮ್ಮ ನಡುವೆ ಸ್ನೇಹವೆನ್ನುವಂಥದ್ದು ಬೆಳೆಯಲಿಲ್ಲ. ಬ್ರೆಡ್ಡು ಚೆನ್ನಾಯಿತು.

ಮುಕ್ತಾಯಕ್ಕೆ ಸ್ವಲ್ಪ ಮುಂಚೆ ಯೀಸ್ಟು ಸತ್ತಿತು. ಬೆಲ್ಲದ ನೀರಿಗೆ ಹಾಕಿದರೆ ನೊರೆಯೇ ಬರಲಿಲ್ಲ. ಡಬ್ಬಿ ಹಿತ್ತಲ ಗೋಡೆಯ ಮೇಲೆ, ಕೆಂಡದಂಥ ಬಿಸಿಲಿನಲ್ಲಿ ಸಿಕ್ಕಿತ್ತು. ನೆರಳಿನ ಗೂಡಿನಿಂದ ಅದನ್ನು ಯಾರೋ ತೆಗೆದು ಅಲ್ಲಿಟ್ಟಿದ್ದಾರೆ ಎಂದು ಎಲ್ಲರ ಎದುರಿಗೆ ಕೂಗಾಡಿದೆ. ಒಬ್ಬೊಬ್ಬರ ಮುಖವನ್ನೂ ನೋಡಿದೆ. ದಿನಚರಿಯಲ್ಲಿ ಗೌಡಶಾನಿಯ ಮೇಲೆ ಗುಮಾನಿ ಬರೆದಿದ್ದೇನೆ. ಈಗ ಕಣ್ಣು ಮುಚ್ಚಿದರೆ ಆ ಗೋಡೆಯ ಮೇಲೆ ಡಬ್ಬಿ ಇಡುವ ಕೈ ಒಮ್ಮೊಮ್ಮೆ ನನ್ನದೇ ಆಗಿ ಕಾಣುತ್ತದೆ. ಯಾವುದು ನಿಜವೋ ತಿಳಿಯದು. ಹುಬ್ಬಳ್ಳಿಗೆ ಹೋಗಿ ಹೊಸ ಡಬ್ಬಿ ತಂದೆ.

ಮುಕ್ತಾಯದ ದಿನ ಗೊತ್ತುಮಾಡುವಾಗ ಗೌಡಶಾನಿ ಅಚ್ಚರಿಯಾಗುವಷ್ಟು ಮೆತ್ತಗಿದ್ದರು. ಎಲ್ಲರ ಬ್ರೆಡ್ಡೂ ಒಂದೇ ಮೇಜಿನ ಮೇಲೆ ಇಡೋಣ ಎಂದೆ, ಹೂಂ ಎಂದರು. ಲೇಪ ಎಲ್ಲಕ್ಕೂ ಎಂದೆ, ಆಗಲಿ ಎಂದರು. “ಸ್ವಾಮಾರ ಇಡ್ರಿ. ಚಲೋ ವಾರ” ಎಂದಷ್ಟೇ ಕೇಳಿಕೊಂಡರು. ಧಾರವಾಡದಲ್ಲೇ ಹುಟ್ಟಿ ಬೆಳೆದವಳು ನಾನು. ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಮೇಜಿನ ಮೇಲೆ ಬ್ರೆಡ್ಡುಗಳ ಸಾಲು. ಹೆಚ್ಚಿನವು ನುಣ್ಣಗಿದ್ದವು, ಒಂದೆರಡು ಅಲ್ಲಲ್ಲಿ ಸೀಳಿದ್ದವು, ಒಂದು ಮಾತ್ರ ಪೂರ್ತಿ ಬಿರಿದಿತ್ತು. ಅಧಿಕಾರಿ ನೇರವಾಗಿ ಅದಕ್ಕೇ ಕೈ ಹಾಕಿದರು. “ಇದು ಖರೇ ಬ್ರೆಡ್ಡು! ಯಾರ ಮಾಡೀರಿ?”

ಮ್ಯಾಟ್ರಿಕ್ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದಳು. “ನಾನ್ರಿ.”

ಅಧಿಕಾರಿ ಚೂರು ಮುರಿದು ತಿಂದರು. ಉಳಿದದ್ದನ್ನು ಗೌಡಶಾನಿಯ ಕಡೆ ಚಾಚಿದರು. “ತಿನ್ರಿ ಅಧ್ಯಕ್ಷರ.”

“ಒಪ್ಪತ್ತು ಐತ್ರಿ ನಂದು. ಸ್ವಾಮಾರ.”

ಸೋಮವಾರ ದಿನವಿಡೀ ಉಪವಾಸವಿದ್ದು ದೀಪ ಹಚ್ಚಿದ ಮೇಲೆ ಒಂದೇ ಹೊತ್ತು ಉಣ್ಣುವ ವ್ರತ. ಅಧಿಕಾರಿ ಪಕ್ಕದವಳ ಕಡೆ ಚಾಚಿದರು. ಆಕೆಗೂ ಒಪ್ಪತ್ತು. ಮುಂದಿನವಳಿಗೂ. ತಂಗಿಯ ಮಗಳಿಗೂ. ಹಿಂದಿನ ವಾರದವರೆಗೆ ಸೋಮವಾರ ಬೆಳಿಗ್ಗೆ ನನ್ನ ಎದುರಿಗೇ ಅವಲಕ್ಕಿ ತಿನ್ನುತ್ತಿದ್ದವರಿಗೂ ಒಪ್ಪತ್ತು.

ಅಧಿಕಾರಿಗೆ ಸಿಟ್ಟು ಬಂತು. “ಉಪಾಸ ತೋರಸಾಕ ಕರಿಸೀರೇನು ನನ್ನ? ಯಾರೂ ತಿನ್ನೂದಿಲ್ಲ ಅಂದ್ರ ಈಕಿನ್ನ ಹೆಂಗ ತೊಗೊಳ್ಳಿ?”

“ಮಕ್ಕಳ ಕೆಲಸ ನೋಡ್ರಿ,” ಗೌಡಶಾನಿ ಮೃದುವಾಗಿ ಹೇಳಿದರು. “ನಮ್ಮ ತಂಗಿ ಮಗಳು ಅದಾಳಲ್ಲ. ಆಕಿ ಕೈದು ಊರೆಲ್ಲಾ ತಿಂತೈತಿ, ಯಾವ ವಾರ ಇದ್ರೂ.”

ನಾನು ಮಾತನಾಡಿದ್ದು ಆಗ. ಯೋಚಿಸಿ ಆಡಿದೆನೋ, ಸೋತ ಹಟದಲ್ಲಿ ಆಡಿದೆನೋ. “ಒಪ್ಪತ್ತು ಸಂಜೀಗೆ ಬಿಡ್ತಾರಲ್ರಿ ಸಾಹೇಬರ. ದೀಪ ಹಚ್ಚೂ ಹೊತ್ತಿಗೆ ಬಿಸಿ ಬ್ರೆಡ್ಡು ತಗೀತೀವಿ. ಇಲ್ಲೇ ಬಿಡ್ಲಿ.”

ಅಧಿಕಾರಿ ಗಡಿಯಾರ ನೋಡಿಕೊಂಡರು. ಅಣ್ಣಿಗೇರಿಯಲ್ಲಿ ಅವರಿಗೆ ಬೇರೆ ಕೆಲಸವಿತ್ತು. “ಆತು. ಹೊಳ್ಳಿ ಬರೂ ಮುಂದ ಬರ್ತೀನಿ. ಎಲ್ಲಾರೂ ಇರಬೇಕ್ ಮತ್ತ. ಅಧ್ಯಕ್ಷರ, ನೀವೂ.” ಗೌಡಶಾನಿಗೆ ಇಲ್ಲವೆನ್ನಲು ದಾರಿ ಇರಲಿಲ್ಲ. ಅವರು ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ಹೋಗುವುದಿಲ್ಲ. ಅದು ಪ್ರತಿ ಸಲ ನೆನೆದಾಗ ಒಂದಿಷ್ಟು ಬೆಳೆಯುತ್ತ ಬಂದಿದೆ.

ಜೋಳದ ಲೇಪದ ಗರಿಗರಿ ಸಂಜೆಯವರೆಗೆ ಉಳಿಯುವುದಿಲ್ಲ, ಮೆತ್ತಗಾಗುತ್ತದೆ. ಹೊಸದಾಗಿ ನಾದಬೇಕು. ಉಪವಾಸದ ನಿತ್ರಾಣವೆಂದು ಎಲ್ಲರೂ ಮನೆಗೆ ಹೋದರು. ಉಳಿದವರು ನಾವಿಬ್ಬರೇ. ನಾನು ಸೆರಗು ಕಟ್ಟಿ ಕುಳಿತು ಹೇಳಿದೆ: “ನಾನೂ ನಾದತೀನಿ. ಅರ್ಧಾ ನಂದು, ಅರ್ಧಾ ನಿಂದು. ಕೂಡಿಸಿ ಇಟ್ರ ಯಾವುದು ಯಾರದು ಅಂತ ಯಾರಿಗೂ ಹೇಳಾಕ ಬರೂದಿಲ್ಲ. ನಂದು ಅಂತ ತಿಂತಾರ.”

ಮ್ಯಾಟ್ರಿಕ್ ಹಿಟ್ಟಿನ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

“ಕದ್ದು ತಿನಿಸಿ ಬರೂ ಕೆಲಸ ನನಗ ಬ್ಯಾಡ್ರಿ.”

“ಕೆಲಸ ಹೋಗತೈತಿ.”

“ಹೋಗ್ಲಿ. ನಾಳೆ ಬಾಲವಾಡ್ಯಾಗ ದಿನಾ ನಿಮ್ಮನ್ನ ಬಾಜೂಕ ಕುಂಡ್ರಿಸಿಕೊಳ್ಳಲ್ಯಾ? ಎಲ್ಲಾ ನಾನs ಮಾಡ್ತೀನಿ. ಕೇಳಿದ್ರ ಹಂಗs ಹೇಳ್ರಿ.”

ನಾನು ಕೈ ತೆಗೆದೆ. ಆ ಮಧ್ಯಾಹ್ನ ಹಿಟ್ಟು ಮುಟ್ಟದೆ ಕಟ್ಟಿಗೆ ಒಡೆದೆ, ಕುಳ್ಳು ತಂದೆ, ಬೂದಿ ಬಳಿದೆ. ಅವಳು ಒಮ್ಮೆಯೂ ಬೇಡ ಎನ್ನಲಿಲ್ಲ.

ಸಂಜೆ ಜೀಪು ಬಂತು. ಹೆಂಗಸರು ಮಿಂದು, ಹಣೆಗೆ ವಿಭೂತಿ ಇಟ್ಟು ಬಂದಿದ್ದರು. ಗೌಡಶಾನಿ ನಡುವೆ ಕುಳಿತರು. ಕರೆಂಟು ಹೋಗಿತ್ತು, ಕಂದೀಲಿಗೆ ಎಣ್ಣೆ ತರಲು ಜೀಪಿನ ಡ್ರೈವರ್ ಹೋಗಿದ್ದ. ಕತ್ತಲು ಕೋಣೆಯೊಳಗೆ ಇಳಿಯುತ್ತಿತ್ತು. ಮ್ಯಾಟ್ರಿಕ್ ಭಟ್ಟಿಯ ತಗಡು ಸರಿಸಿ ಬ್ರೆಡ್ಡುಗಳನ್ನು ಒಂದೊಂದಾಗಿ ತಂದು ಎಲ್ಲರ ಮುಂದಿನ ತಾಟುಗಳಲ್ಲಿ ಇಟ್ಟಳು. ಹೊರಗಿನ ಗಾಳಿ ತಾಗಿ ಅವುಗಳ ಮೇಲ್ಮೈ ಚಟ್ ಚಟ್ ಎಂದು ಇನ್ನೂ ಬಿರಿಯುತ್ತಿತ್ತು. ಮಾತಿಲ್ಲದ ಕೋಣೆಯಲ್ಲಿ ಅದೊಂದೇ ಸದ್ದು.

“ಯಾರ ಕೈದು?” ಗೌಡಶಾನಿಯ ದನಿ.

“ಎಲ್ಲಾ ಆಕಿ ಕೈದs,” ಎಂದೆ.

“ಹೂಂ. ಬಿಡ್ರಿ ಒಪ್ಪತ್ತು,” ಎಂದರು ಅಧಿಕಾರಿ, ತಮ್ಮ ತಾಟಿನಿಂದ ಮುರಿಯುತ್ತ.

ಕತ್ತಲಲ್ಲಿ ಸೆರಗಿಗೆ ಹಾಕಿಕೊಂಡು ತಿಂದೆವು ಎನ್ನಬಹುದಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಅಂಥ ಬ್ರೆಡ್ಡನ್ನು ಸದ್ದಿಲ್ಲದೆ ತಿನ್ನಲು ಬರುವುದಿಲ್ಲ, ತಿನ್ನದೆ ಆ ಸದ್ದು ಮಾಡಲೂ ಬರುವುದಿಲ್ಲ. ನಾನು ಕಿವಿಗೊಟ್ಟು ನಿಂತೆ. ಗೋಡೆಯ ಕಡೆಯಿಂದ ಮೊದಲು ಒಂದು ಕಟ್ ಎಂಬ ಸದ್ದು ಬಂತು. ಆ ಸೊಸೆಯದೇ ಇರಬೇಕು ಎಂದುಕೊಂಡೆ, ಗೊತ್ತಿಲ್ಲ. ಆಮೇಲೆ ಇನ್ನೊಂದು. ಆಮೇಲೆ ನಡುವಿನಿಂದ, ಗೌಡಶಾನಿ ಕುಳಿತಲ್ಲಿಂದ, ನಿಧಾನವಾಗಿ, ಹಲ್ಲು ಗಟ್ಟಿಯಿರುವ ಬಾಯಿಯ ಕಟಕಟ ಸದ್ದು. ಆ ಬೇಸಿಗೆಯ ಎಷ್ಟೋ ಸಂಗತಿಗಳನ್ನು ನಾನು ಅನುಮಾನಿಸುತ್ತೇನೆ. ಆ ಸದ್ದನ್ನಲ್ಲ.

ಕಂದೀಲು ಬಂತು. ಬೆಳಕಿನಲ್ಲಿ ತಾಟುಗಳನ್ನು ನೋಡಿದೆ. ಪ್ರತಿ ತಾಟಿನಲ್ಲೂ ಒಳಗಿನ ಬಿಳಿಯ ತಿರುಳು ಹಾಗೆಯೇ ಉಳಿದಿತ್ತು. ಮೇಲಿನ ಬಿರಿದ ಸಿಪ್ಪೆಯನ್ನಷ್ಟೇ, ಹಣ್ಣು ಸುಲಿದ ಹಾಗೆ ಸುಲಿದು, ತಿಂದಿದ್ದರು.

“ಸಿಪ್ಪೀನs ರುಚಿ ಅನ್ರಿ?” ಅಧಿಕಾರಿ ನಕ್ಕರು.

“ಬೆಂಕಿ ಹತ್ತಿದ್ದಷ್ಟು ತಿಂದೀವ್ರಿ,” ಎಂದರು ಗೌಡಶಾನಿ. “ಬೆಂಕಿ ಕಂಡದ್ದಕ್ಕ ಮೈಲಿಗಿ ಇಲ್ಲ.”

ಅಂಥ ಶಾಸ್ತ್ರವನ್ನು ನಾನು ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆ ಕತ್ತಲಲ್ಲಿ ಅವರೇ ಅದನ್ನು ಹುಟ್ಟಿಸಿಕೊಂಡಿದ್ದರು. ಉಳಿದವರು, ಅವರು ಸಿಪ್ಪೆ ಸುಲಿಯುವ ಸದ್ದು ಕೇಳಿಯೋ ಏನೋ, ಅನುಸರಿಸಿದ್ದರು. ಅಧಿಕಾರಿಗೆ ಆ ಮಾತು ಅರ್ಥವಾಗಲಿಲ್ಲ, ಇಲ್ಲವೆ ಅರ್ಥವಾಗುವುದು ಬೇಕಿರಲಿಲ್ಲ. “ಅಂತೂ ತಿಂದ್ರೆಲ್ಲಾ. ಮುಗೀತು. ಈಕೀನs ಇರ್ಲಿ,” ಎಂದು ಎದ್ದು ಕೈ ತೊಳೆಯಲು ಹೋದರು.

ಮ್ಯಾಟ್ರಿಕ್ ತಾಟುಗಳನ್ನು ಎತ್ತತೊಡಗಿದಳು. ಗೆದ್ದವಳ ಮುಖವಲ್ಲ ಅದು. ಸುಲಿದ ತಿರುಳುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಕೊಳ್ಳುತ್ತ ನಡುವಿನ ತಾಟಿನವರೆಗೆ ಬಂದು ನಿಂತಳು.

“ಬಾಲವಾಡಿ ಹುಡುಗ್ರು ಸಿಪ್ಪಿ ಸುಲದು ತಿನ್ನೂದಿಲ್ರಿ ಗೌಡಶಾನೇರ. ಇಡೀದs ತಿಂತಾವು.”

ಗೌಡಶಾನಿ ಸೆರಗು ಕೊಡವಿ ಮೇಲೆದ್ದರು. ಅವರ ಮಡಿಲಿಂದ ಕಂದು ಚಕ್ಕೆಗಳು ಉದುರಿದವು.

“ನೋಡೂಣು,” ಎಂದರು.

ಮರುದಿನ ಬೆಳಿಗ್ಗೆ ಬಾವಿಯಿಂದ ಬರುವಷ್ಟರಲ್ಲಿ ನನ್ನ ಟ್ರಂಕು ಹೊರಗಿತ್ತು. ಖೋಲಿಗೆ ಅಷ್ಟು ಹೊತ್ತಿಗೇ ಬೀಗ ಬಿದ್ದಿತ್ತು. ಬಸ್ಸಿಗೆ ಹೋಗುವ ದಾರಿಯಲ್ಲಿ ಮಂಡಳದ ಹಿತ್ತಲಿಗೆ ಹೋದೆ. ಮ್ಯಾಟ್ರಿಕ್ ಭಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಹಿಂದಿನ ದಿನದ ಎರಡು ಸಲದ ಬೆಂಕಿಗೆ ಗುಮ್ಮಟದ ನೆತ್ತಿಯಲ್ಲಿ ಒಂದು ಬಿರುಕು ಬಿದ್ದಿತ್ತು. ಹಸಿಮಣ್ಣು ಅದ್ದಿದ ಬೆರಳಿನಿಂದ ಅದನ್ನು ಮೇಲಿಂದ ಕೆಳಗೆ ಸವರುತ್ತಿದ್ದಳು. ಎಸರಿನ ಹದ ತಿಳಿಯದ ಕೈ, ಮಣ್ಣಿನ ಬಿರುಕನ್ನು ಮಾತ್ರ ಗೆರೆ ಉಳಿಯದಂತೆ ಮುಚ್ಚುತ್ತಿತ್ತು. ನಾನು ನಿಂತೆ. ಏನಾದರೂ ಹೇಳಬೇಕೆಂದಿದ್ದೆ, ಅವಳೂ ಏನಾದರೂ ಹೇಳಿಯಾಳೆಂದು ಕಾದೆ.

ಅವಳು ತಿರುಗಲಿಲ್ಲ.

“ಬಸ್ ತಪ್ಪತೈತ್ರಿ ನಿಮ್ಮದು,” ಎಂದಳು.